ಬಣ್ಣ ಹಿಡಿದು ಹೋದ ಬ್ರೀಟಾ

ನಮ್ಮ ಜಾಲೆಸಿ ಹಳ್ಳಿಯ ಬಿಯರ್ ಅಂಗಡಿಯಲ್ಲಿ ಒಲೆಗೆ ಅಂಟಿಕೊಂಡಂತೆ ಒಂದು ಉದ್ದನೆಯ ಮೇಜಿದೆ. ಅದರ ಹಿಂದಿನ ಗೋಡೆಯಲ್ಲಿ ಜಿಂಕೆಯ ಕೊಂಬುಗಳು ಎಷ್ಟು ಒತ್ತಾಗಿವೆ ಎಂದರೆ, ಗೋಡೆಗೇ ಕೊಂಬು ಮೂಡಿದೆ ಎನ್ನಬೇಕು. ಅದು ಬೇಟೆಗಾರರ ಸಂಘದ ಮೇಜು. ಸಂಘದವರಲ್ಲದೆ ಬೇರೆ ಯಾರೂ ಅಲ್ಲಿ ಕೂರುವಂತಿಲ್ಲ. ಒಂದು ಚಳಿಗಾಲ ಬಿಷಪ್ಪರು ಊರಿಗೆ ಬಂದವರು ಕೈ ಕಾಯಿಸಿಕೊಳ್ಳಲು ಅಲ್ಲಿ ಕೂತುಬಿಟ್ಟರು. ಅವರನ್ನೂ ಎಬ್ಬಿಸಿ ಕಿಟಕಿಯ ಪಕ್ಕಕ್ಕೆ ಕಳಿಸಿದರು. ಅಲ್ಲಿ ಹಿಡಿದ ನೆಗಡಿ ಪಾಪ, ಅವರನ್ನು ಸಾಯುವ ತನಕ ಬಿಡಲಿಲ್ಲವಂತೆ.

ಬಿಷಪ್ಪರಿಗೇ ಸಿಗದ ಆ ಮೇಜಿನಲ್ಲಿ ಒಂದು ಕುರ್ಚಿ ಬೇಕೆಂದು ನನ್ನ ಪಕ್ಕದ ಮನೆಯ ಒತಾಕರ್ ಕ್ವಾಪಿಲನಿಗೆ ಆಸೆಯಾಯಿತು.

ಕ್ವಾಪಿಲ್ ಮನೆಗಳಿಗೆ ಬಣ್ಣ ಬಳಿಯುವವನು. ಪೇಟೆಯವನು, ನಮ್ಮೂರಿನ ದ್ರಾಹುಶ್ಕಾಳನ್ನು ಮದುವೆಯಾಗಿ ಇಲ್ಲಿಗೆ ಬಂದು ಸೇರಿದ. ಪೀಪಾಯಿಯಂತೆ ದುಂಡಗೆ, ಪೀಪಾಯಿಯಷ್ಟೇ ಸಾಧು. ಅವನು ಬೇಟೆಯಾಡಿದ್ದನ್ನು ಯಾರೂ ಕಂಡಿಲ್ಲ. ನನಗೆ ಗೊತ್ತಿರುವಂತೆ ಅವನು ಕೊಂದದ್ದು ಒಂದೇ ಜೀವ, ನನ್ನ ಜೆರೇನಿಯಂ ಗಿಡ, ಅದೂ ಸುಣ್ಣ ಚೆಲ್ಲಿ. ರಕ್ತ ಕಂಡರೆ ಅವನು ಅಲ್ಲೇ ಉರುಳುತ್ತಾನೆ. ಒಂದು ಸಲ ಗಡ್ಡ ಬೋಳಿಸಿಕೊಳ್ಳುವಾಗ ಗಲ್ಲ ಗೀಚಿಕೊಂಡು, ಕನ್ನಡಿ, ತೊಟ್ಟಿ, ಕಿಟಕಿಯ ಪರದೆ ಎಲ್ಲವನ್ನೂ ಜೊತೆಗೆ ಕರೆದುಕೊಂಡು ನೆಲಕ್ಕೆ ಬಿದ್ದ. ಅಂದಿನಿಂದ ಗಡ್ಡ ಮೀಸೆ ಬಿಟ್ಟಿದ್ದಾನೆ.

ಅವನ ನಾಯಿ ಬ್ರೀಟಾಳಿಗೂ ಗಡ್ಡ ಮೀಸೆ. ಅದು ಫೌಸೆಕ್ ಜಾತಿ. ಫೌಸೆಕ್ ಅಂದರೆ ಮೀಸೆಯದ್ದು ಎಂದೇ ಅರ್ಥ. ನಮ್ಮ ಬೊಹೀಮಿಯಾದ ಬೇಟೆಗಾರರಿಗೆ ಈ ನಾಯಿ ಮಕ್ಕಳಿಗಿಂತ ಒಂದು ಕೈ ಹೆಚ್ಚು. ಹೊಲದಲ್ಲಿ ಹಕ್ಕಿಯ ವಾಸನೆ ಬಂದರೆ ಒಂದು ಕಾಲೆತ್ತಿ ಕಲ್ಲಿನಂತೆ ನಿಂತು ತೋರಿಸುತ್ತದೆ, ಕೆರೆಗೆ ಹಾರಿ ಬಾತುಕೋಳಿ ತರುತ್ತದೆ, ಕಾಡಿನಲ್ಲಿ ಗಾಯಗೊಂಡ ಪ್ರಾಣಿಯ ಜಾಡು ಹಿಡಿಯುತ್ತದೆ. ನನ್ನ ಗಂಡ ಅಲೋಯಿಸ್ ಸಂಘದ ಹಳೆಯ ಬೇಟೆಗಾರ. ಬ್ರೀಟಾಳನ್ನು ಮರಿಯಾಗಿ ತಂದವನೂ ಅವನೇ. ತಂದ ಸ್ವಲ್ಪ ದಿನಕ್ಕೇ ಅವನು ತೀರಿಹೋದ. ಮರಿ ನನ್ನ ತೋಟದ ಆಲೂಗಡ್ಡೆಯನ್ನೆಲ್ಲ ನಾನು ನೆಟ್ಟದ್ದಕ್ಕಿಂತ ಬೇಗ ಅಗೆಯಿತು. ನಾನು ಅದನ್ನು ಎತ್ತಿ ಬೇಲಿಯ ಆಚೆ ಕ್ವಾಪಿಲನ ಕೈಗಿಟ್ಟೆ. ಆಮೇಲೆ ಆ ಎರಡು ಗಡ್ಡಗಳನ್ನು ಬೇರೆಬೇರೆಯಾಗಿ ಕಂಡವರಿಲ್ಲ. ಅವನು ಏಣಿ ಹತ್ತಿದರೆ ಅದು ಏಣಿಯ ಬುಡದಲ್ಲಿ. ಅವನು ಉಂಡರೆ ಅದು ಮೇಜಿನ ಬುಡದಲ್ಲಿ. ಮಲಗಿದರೆ ಅವನ ಪಾದದ ಮೇಲೆ.

ಇದನ್ನು ಸಹಿಸದವರು ಸಂಘದ ಅಧ್ಯಕ್ಷ ಹವ್ರಾನೆಕ್. ರೈಲು ನಿಲ್ದಾಣದ ಮಾಸ್ತರರಾಗಿದ್ದು ನಿವೃತ್ತರಾದವರು. ಇವತ್ತಿಗೂ ಮಾತಾಡಿದರೆ ಪ್ಲಾಟ್‌ಫಾರಂ ಖಾಲಿಯಾಗುತ್ತದೆ. "ಫೌಸೆಕ್ ನಾಯಿ ಸುಣ್ಣದ ಡಬ್ಬಿ ಕಾಯೋದಕ್ಕೆ ಹುಟ್ಟಿದ್ದಲ್ಲ, ವ್ಲಾಸ್ತಾ," ಎಂದು ಕಂಡಾಗಲೆಲ್ಲ ನನಗೆ ಹೇಳುತ್ತಿದ್ದರು. "ಅಲೋಯಿಸ್ ಸಂಘದವನು. ನಾಯೀನೂ ಸಂಘಕ್ಕೇ ಸೇರ್ಬೇಕಿತ್ತು."

ಈಗ ಒಂದು ಮಾತು ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ನಮ್ಮ ಬೇಟೆಗಾರರು ರಕ್ತವನ್ನು ರಕ್ತ ಎನ್ನುವುದಿಲ್ಲ. ಬಣ್ಣ ಎನ್ನುತ್ತಾರೆ. ಕಣ್ಣನ್ನು ದೀಪ ಎನ್ನುತ್ತಾರೆ. ಸಂಘದ ಮೇಜಿನಲ್ಲಿ ಯಾರಾದರೂ ಬಾಯಿ ತಪ್ಪಿ ರಕ್ತ ಎಂದರೋ, ಅವರನ್ನು ಮೇಜಿನ ಮೇಲೆ ಬೋರಲು ಹಾಕಿ ಬೇಟೆಗತ್ತಿಯ ಚಪ್ಪಟೆ ಮಗ್ಗುಲಿನಿಂದ ಹಿಂಭಾಗಕ್ಕೆ ಬಾರಿಸುತ್ತಾರೆ. ನನ್ನ ಅಲೋಯಿಸ್ ಒಮ್ಮೆ ಕೊಡಲಿಯಿಂದ ಹೆಬ್ಬೆರಳು ಕಡಿದುಕೊಂಡು ಬಂದು, "ವ್ಲಾಸ್ತಾ, ಬಣ್ಣ ನಿಲ್ತಾ ಇಲ್ಲ," ಅಂದ. ನಾನಾಗ ಮದುವೆಯಾಗಿ ಈ ಊರಿಗೆ ಬಂದ ಹೊಸತು, ಯಾವ ಬಣ್ಣವೋ ಎಂದು ಗೋಡೆ ನೋಡುತ್ತಾ ನಿಂತೆ. ಊರಲ್ಲಿ ಹುಟ್ಟಿದವರಿಗೆ ಇದೆಲ್ಲ ತಾಯಹಾಲಿನ ಜೊತೆ ಬರುತ್ತದೆ. ಪೇಟೆಯಿಂದ ಬಂದ ಬಣ್ಣದವನಿಗೆ ಬಣ್ಣ ಅಂದರೆ ಬಣ್ಣ.

ಆ ಚಳಿಗಾಲದ ಕೊನೆಗೆ ಕ್ವಾಪಿಲನ ಮನೆಯಲ್ಲಿ ಹಂದಿ ಕೊಯ್ದರು. ಅಂಥ ದಿನ ಅವನು ಮನೆಯಲ್ಲಿ ನಿಲ್ಲುವವನಲ್ಲ. ಬ್ರೀಟಾ ಹಂದಿಯ ಸುತ್ತ ಸುತ್ತುತ್ತಾಳೆಂದು ಅವಳನ್ನು ಕೊಟ್ಟಿಗೆಯಲ್ಲಿ ಕೂಡಿಹಾಕಿ, ಕಾಡಿನ ಆಚೆಯ ಗಿರಣಿಯ ನೆಲಕ್ಕೆ ಕೆಂಪು ಬಳಿಯಲು ಸೈಕಲ್ಲಿನಲ್ಲಿ ಹೊರಟ. ಹ್ಯಾಂಡಲಿನ ಒಂದು ಕಡೆ ಕೆಂಪು ಬಣ್ಣದ ಡಬ್ಬಿ, ಇನ್ನೊಂದು ಕಡೆ ದ್ರಾಹುಶ್ಕಾ ಕೊಟ್ಟ ಬಿಸಿಬಿಸಿ ಕರಿ ಸಾರಿನ ಡಬ್ಬಿ. ಹಂದಿ ಕೊಯ್ದ ದಿನ ನಮ್ಮಲ್ಲಿ ಮಾಡುವ ಕರ್ರನೆಯ ಸಾರು ಅದು, ಜವೆಗೋಧಿ, ಬೆಳ್ಳುಳ್ಳಿ, ಮರ್ಜೋರಂ ಸೊಪ್ಪು ಹಾಕಿದ್ದು. ಕ್ವಾಪಿಲನಿಗೆ ಅದೆಂದರೆ ಪ್ರಾಣ. ಬಣ್ಣದ ಡಬ್ಬಿಯ ಮುಚ್ಚಳ ಸಡಿಲವಾಗಿ ದಾರಿಯುದ್ದಕ್ಕೂ ತೊಟ್ಟಿಕ್ಕಿದೆ. ಮಧ್ಯಾಹ್ನ ಬ್ರೀಟಾ ಕೊಟ್ಟಿಗೆಯ ಹಲಗೆ ಕಿತ್ತು ಹೊರಬಿದ್ದವಳು, ಮೂಗು ನೆಲಕ್ಕಿಟ್ಟು, ಕಾಡು ಹೊಕ್ಕು, ಹಳ್ಳ ದಾಟಿ, ಸೀದಾ ಗಿರಣಿಗೆ ಹೋಗಿ ನಿಂತಳು. ಸಾರು ಕುಡಿದು ನೆಲದ ಮೇಲೆ ಅಂಗಾತ ಮಲಗಿದ್ದ ಕ್ವಾಪಿಲನ ಪಕ್ಕ ಕೂತು, ಗಿರಣಿಯವರೆಲ್ಲ ಓಡಿಬರುವ ತನಕ ಬೊಗಳಿದಳು. ಮನೆಗೆ ಬಂದ ಕ್ವಾಪಿಲನಿಗೆ ನಾಯಿಯ ಮೇಲೆ ಹೆಮ್ಮೆ, ಹೆಂಡತಿಯ ಮೇಲೆ ಮುನಿಸು. ಸಾರು ಅರ್ಧ ಡಬ್ಬಿ ಮಾತ್ರ ಇತ್ತಂತೆ.

ಮರುದಿನ ಸಂಜೆ ನಾನು ಜಗ್ ಹಿಡಿದುಕೊಂಡು ಬಿಯರ್ ತರಲು ಅಂಗಡಿಗೆ ಹೋದೆ. ಸಂಘದ ಮೇಜಿನವರ ಮುಖ ಸಾವಿನ ಮನೆಯವರಂತಿತ್ತು. ಶನಿವಾರ ಗುಂಡು ತಗುಲಿದ ಕಾಡುಹಂದಿಯೊಂದು ಪೊದೆ ಹೊಕ್ಕು ಕಾಣೆಯಾಗಿತ್ತು. ಪರೀಕ್ಷೆ ಪಾಸಾದ ನಾಯಿಯಿಲ್ಲದೆ ಬೇಟೆ ನಡೆಸುವಂತಿಲ್ಲ. ಸಂಘಕ್ಕಿದ್ದ ಒಂದೇ ಒಂದು ಪಾಸಾದ ನಾಯಿ ಕಿವುಡಾಗಿ, ಕುರುಡಾಗಿ, ಮೇಜಿನ ಕೆಳಗೆ ಗೊರಕೆ ಹೊಡೆಯುತ್ತಿತ್ತು.

"ಬಣ್ಣ ಹಿಡಿಯೋ ನಾಯಿ," ಹವ್ರಾನೆಕ್ ಲೋಟ ಕುಕ್ಕಿದರು, "ಇಡೀ ಸುತ್ತಮುತ್ತಲಲ್ಲಿ ಒಂದೂ ಇಲ್ಲ."

ಕ್ವಾಪಿಲ್ ಬಾಗಿಲ ಪಕ್ಕದ ಕಟ್ಟೆಗೆ ಒರಗಿ ನಿಂತು ಕುಡಿಯುತ್ತಿದ್ದ. ಬಾಗಿಲು ತೆರೆದಾಗಲೆಲ್ಲ ಅವನ ಬೆನ್ನಿಗೆ ಗಾಳಿ. ತಿರುಗಿ ಹೇಳಿದ, "ನಮ್ಮ ಬ್ರೀಟಾ ಹಿಡೀತಾಳಲ್ಲ."

ಮೇಜಿನವರ ಕತ್ತುಗಳೆಲ್ಲ ಒಟ್ಟಿಗೆ ತಿರುಗಿದವು.

"ಏನು ಹಿಡೀತಾಳೆ?" ಹವ್ರಾನೆಕ್ ಕೇಳಿದರು.

"ಬಣ್ಣ. ನಿನ್ನೆ ತಾನೇ ಹಿಡಿದು ಬಂದಳು. ನಮ್ಮ ಗೇಟಿಂದ ಗಿರಣಿ ತನಕ."

"ಗಿರಣಿ ತನಕ? ಕಾಡಿನೊಳಗೆ?"

"ಕಾಡಿನೊಳಗೆ. ಹಳ್ಳ ದಾಟಿ."

"ಹಸೀದಾ?"

"ಎಲ್ಲಿ ಹಸಿ? ಬೆಳಗ್ಗೆ ಬಿದ್ದದ್ದು, ಅವಳು ಹೊರಡೋ ಹೊತ್ತಿಗೆ ಒಣಗಿ ಸಿಪ್ಪೆ ಎದ್ದಿತ್ತು."

ಹವ್ರಾನೆಕ್ ತಮ್ಮ ಪೈಪನ್ನು ಬಾಯಿಂದ ತೆಗೆದರು. "ಯಾವ ಥರ ಬಣ್ಣ?"

"ಒಳ್ಳೇ ಕೆಂಪು. ಸ್ವಲ್ಪ ನೊರೆ ಇತ್ತು."

"ನೊರೆ," ಎಂದರು ಹವ್ರಾನೆಕ್ ಮೇಜಿನವರಿಗೆ, ಡಾಕ್ಟರರಂತೆ. "ಶ್ವಾಸಕೋಶಕ್ಕೆ ಬಿದ್ದ ಗುಂಡು."

ಕ್ವಾಪಿಲ್ ತಲೆಯಾಡಿಸಿದ. ಅರ್ಥವಾಗದ ಮಾತಿಗೆಲ್ಲ ತಲೆಯಾಡಿಸುವುದು ಅವನ ಹುಟ್ಟುಗುಣ. ಅದರಿಂದಲೇ ಅವನಿಗೆ ಮದುವೆಯೂ ಆದದ್ದು.

"ಕೊನೇಲಿ ಏನು ಬಿದ್ದಿತ್ತು?"

ಕ್ವಾಪಿಲನಿಗೆ ನಾಚಿಕೆಯಾಯಿತು. ಕೆಲಸದ ಹೊತ್ತಲ್ಲಿ ನಿದ್ದೆ ಹೋದದ್ದನ್ನು ಹೇಗೆ ಹೇಳುವುದು? "ಏನೋ ಒಂದು ಬಿದ್ದಿತ್ತು ಬಿಡಿ," ಅಂದ. "ದಪ್ಪಗೆ. ಅಂಗಾತ. ಕೂದಲು ಗೀದಲು ಕೆದರ್ಕೊಂಡು."

"ನಾಯಿ ಬಾಯಿ ಹಾಕ್ಲಿಲ್ವಾ?"

"ಛೆ. ಪಕ್ಕ ಕೂತು ಬೊಗಳ್ತಾನೇ ಇದ್ದಳು, ಜನ ಬರೋ ತನಕ."

ಮೇಜಿನಲ್ಲಿ ಯಾರೋ ಟೋಪಿ ತೆಗೆದರು. ಒಣಗಿದ ಜಾಡು ಹಿಡಿದು, ಸತ್ತ ಪ್ರಾಣಿಯನ್ನು ಮುಟ್ಟದೆ, ಜನ ಬರುವ ತನಕ ಕೂಗಿ ಕರೆಯುವ ನಾಯಿ ಎಂದರೆ ಬೇಟೆಗಾರರಿಗೆ ದೇವರು ಸೈಕಲ್ಲಿನಲ್ಲಿ ಬಂದು ಬಾಗಿಲು ತಟ್ಟಿದಂತೆ. ಹವ್ರಾನೆಕ್ ಎದ್ದರು. ಒಲೆಯ ಪಕ್ಕದ ಖಾಲಿ ಕುರ್ಚಿಯನ್ನು ಎಳೆದರು. ನನ್ನ ಅಲೋಯಿಸ್ ಹೋದಮೇಲೆ ಯಾರನ್ನೂ ಕೂರಿಸದ ಕುರ್ಚಿ ಅದು.

"ಕ್ವಾಪಿಲ್ ಅವರೇ, ಈ ರಾತ್ರಿ ಮಟ್ಟಿಗೆ ಕೂತ್ಕೊಳ್ಳಿ."

ಕ್ವಾಪಿಲ್ ಕೂತ. ಪ್ಲಮ್ ಸಾರಾಯಿ ಬಂತು. ಅದರ ಹಿಂದೆ ಇನ್ನೊಂದು ಬಂತು. ಬೆನ್ನಿಗೆ ಒಲೆ, ಮುಂದೆ ಲೋಟ, ತಲೆಯ ಮೇಲೆ ಕೊಂಬು. ಆ ಹೊತ್ತಿನಲ್ಲಿ ಅವನನ್ನು ಏನು ಕೇಳಿದರೂ ಹೂಂ ಎನ್ನುತ್ತಿದ್ದ. ಹವ್ರಾನೆಕ್ ಕೇಳಿಯೇ ಬಿಟ್ಟರು.

"ಶರತ್ಕಾಲದ ಪರೀಕ್ಷೆಗೆ ಬ್ರೀಟಾ ಹೆಸರು ಕೊಡ್ತೀನಿ. ರೂಪ, ಹೊಲ, ನೀರು, ಬಣ್ಣ, ಎಲ್ಲಾ ಆಗ್ಬೇಕು. ಪಾಸಾದರೆ ನಾಯಿ ನಿಮ್ಮಂಗಳದಲ್ಲೇ ಇರ್ಲಿ, ನೀವು ಈ ಕುರ್ಚೀಲೇ ಇರಿ. ಫೇಲಾದರೆ ಅದನ್ನ ಹಾಳು ಮಾಡಿದ್ದು ನೀವು ಅಂತಾಯ್ತು, ಅದು ನನ್ನ ನಾಯಿಗೂಡಿಗೆ ಬರುತ್ತೆ. ಒಪ್ಪಿಗೆನಾ?"

ಕ್ವಾಪಿಲ್ ಎಲ್ಲರ ಮುಂದೆ ಕೈ ಕುಲುಕಿದ. ಜಾಲೆಸಿಯಲ್ಲಿ ಕೈ ಕುಲುಕಿದ ಮೇಲೆ ಹಿಂದೆ ಸರಿದವರು ಯಾರೂ ಇಲ್ಲ. ಇದ್ದರೂ ಈಗ ಬೇರೆ ಊರಲ್ಲಿದ್ದಾರೆ.

ಮಾರನೇ ಬೆಳಗ್ಗೆ ಬೇಲಿಯ ಹತ್ತಿರ ಅವನನ್ನು ಕರೆದೆ. "ಒತಾ, ನಿನ್ನ ನಾಯಿ ಹಿಡಿದ ಬಣ್ಣ ಯಾವ್ದಪ್ಪಾ?"

"ನೆಲದ ಕೆಂಪು, ದೊಡ್ಡಮ್ಮ. ಎಣ್ಣೇದು."

"ಅವರು ಕೇಳಿದ ಬಣ್ಣ ಅದಲ್ಲ ಕಣೋ. ಅವರ ಭಾಷೇಲಿ ಬಣ್ಣ ಅಂದ್ರೆ ರಕ್ತ."

ಕ್ವಾಪಿಲ್ ನನ್ನ ಎಲೆಕೋಸಿನ ಮಡಿಯಲ್ಲಿ ಕೂತುಬಿಟ್ಟ. ಕೂತದ್ದಲ್ಲ, ಇಳಿದದ್ದು. ಬ್ರೀಟಾ ಬೇಲಿ ಹಾರಿ ಬಂದು ಅವನ ಮುಖ ನೆಕ್ಕಿ ಬೊಗಳಲು ಶುರುಮಾಡಿದಳು. ದ್ರಾಹುಶ್ಕಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವಳಿಗೆ ಎಲ್ಲ ಹೇಳಿದೆ.

"ಕುರ್ಚಿಗೋಸ್ಕರ ನಾಯಿ ಒತ್ತೆ ಇಟ್ಟು ಬಂದ್ಯಾ?" ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಹೋಗು, ಈಗ್ಲೇ ಹೋಗಿ ಹೇಳು, ನಾನು ಹೇಳಿದ್ದು ಡಬ್ಬಿ ಬಣ್ಣ ಅಂತ."

"ಹೇಳಿದ್ರೆ ಇವತ್ತೇ ಒಯ್ತಾರೆ, ದ್ರಾಹು. ಕೈ ಕುಲುಕಿದೀನಿ."

"ಹಾಗಾದ್ರೆ ಚೆನ್ನಾಗಿ ಕೇಳ್ಕೋ. ಇವಳು ಆ ಗೂಡಿಗೆ ಹೋದರೆ ನೀನೂ ಗಂಟು ಮೂಟೆ ಕಟ್ಕೊಂಡು ಗೂಡಿಗೇ ಹೋಗು. ಹವ್ರಾನೆಕ್ ಹೆಂಡತಿ ಇಬ್ಬರಿಗೂ ಒಟ್ಟಿಗೇ ಅನ್ನ ಹಾಕ್ತಾಳೆ, ಗಡ್ಡ ನೋಡಿದ್ರೆ ಯಾರ್ಯಾರು ಅಂತಾನೂ ಗೊತ್ತಾಗಲ್ಲ."

ಅಷ್ಟು ಹೇಳಿ ಅವಳು ಬ್ರೀಟಾಳ ಕತ್ತು ತಬ್ಬಿಕೊಂಡಳು. ನಾಯಿಗೆಲ್ಲ ಹಿಟ್ಟು.

ಅಂದಿನಿಂದ ಕ್ವಾಪಿಲನಿಗೆ ನಾನೇ ಗುರು. ಬೇಟೆಗಾರರ ಮಾತುಗಳನ್ನು ಒಂದೊಂದಾಗಿ ಕಲಿಸಿದೆ. ಅವನು ಕಲಿತ, ಕಲಿತದ್ದನ್ನು ಇಡೀ ಊರಿನ ಮೇಲೆ ಪ್ರಯೋಗಿಸಿದ. ಡಾಕ್ಟರರ ಹತ್ತಿರ ಹೋಗಿ, "ನನ್ನ ದೀಪಗಳು ಯಾಕೋ ಮಂಕಾಗಿವೆ," ಅಂದ. ಅವರು ಕರೆಂಟಿನವನ ವಿಳಾಸ ಕೊಟ್ಟು ಕಳಿಸಿದರು. ಅದಕ್ಕಿಂತ ಕೆಟ್ಟದ್ದೆಂದರೆ, ಬಣ್ಣ ಎಂಬ ಮಾತು ಅವನ ಕಿವಿಯಲ್ಲಿ ಪೂರ್ತಿ ತಿರುಗಿಬಿಟ್ಟಿತ್ತು. ಅಂಚೆ ಕಚೇರಿಯ ಯಿಟ್ಕಾ ತನ್ನ ಅಡುಗೆಮನೆ ತೋರಿಸಿ, "ಇಲ್ಲೆಲ್ಲಾ ಗಾಢ ಕೆಂಪು ಬಣ್ಣ ಬೇಕು, ಧಾರಾಳವಾಗಿ," ಎಂದದ್ದೇ ತಡ, ಕ್ವಾಪಿಲ್ ಅವಳ ಹಿಟ್ಟಿನ ಡಬ್ಬದ ಮೇಲೆ ಕುಸಿದ. ಆ ಬೇಸಿಗೆಯೆಲ್ಲ ಅವನು ಬಿಳಿ ಸುಣ್ಣ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಇಡೀ ಜಾಲೆಸಿ ಬೆಳ್ಳಗಾಯಿತು. ಪಕ್ಕದ ಊರಿನವರು ನಮ್ಮಲ್ಲಿ ಏನೋ ರೋಗ ಬಂದಿದೆ ಎಂದು ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

ಬ್ರೀಟಾಳ ಕೀರ್ತಿ ಮಾತ್ರ ಪ್ರತಿ ಲೋಟಕ್ಕೂ ಬೆಳೆಯುತ್ತಿತ್ತು. ಗಿರಣಿ ತನಕ ಹೋದವಳು ವಸಂತಕ್ಕೆ ಮುಂದಿನ ತಾಲೂಕು ಮುಟ್ಟಿದಳು. ಚೆರ್ರಿ ಹಣ್ಣಾಗುವ ಹೊತ್ತಿಗೆ ಆಸ್ಟ್ರಿಯಾದ ಗಡಿಯಲ್ಲಿ ಸಿಪಾಯಿಗಳು ಅವಳಿಗೆ ಸಲಾಂ ಹೊಡೆದು ಒಳಗೆ ಬಿಟ್ಟಿದ್ದರು. ದ್ರಾಹುಶ್ಕಾಳ ಅಣ್ಣ ಪೇಟೆಯಿಂದ ಹೆಂಡತಿ ಸಮೇತ ನಾಯಿ ನೋಡಲು ಬಂದ. ನೋಡಿ, "ಇಷ್ಟೇನಾ? ಇದು ಒತಾನ ಹಾಗೇ ಇದೆಯಲ್ಲ," ಅಂದು ಊಟ ಮಾಡಿ ಹೋದ.

ಅಭ್ಯಾಸಕ್ಕೆಂದು ಹವ್ರಾನೆಕ್ ಒಂದು ಶೀಸೆಯಲ್ಲಿ ಜಿಂಕೆಯ 'ಬಣ್ಣ' ಕಳಿಸಿಕೊಟ್ಟರು. ಕ್ವಾಪಿಲ್ ಅದನ್ನು ಟವೆಲಿನಲ್ಲಿ ಸುತ್ತಿ, ಟವೆಲನ್ನು ಕಂಬಳಿಯಲ್ಲಿ ಸುತ್ತಿ, ಕಣ್ಣು ಮುಚ್ಚಿಕೊಂಡು ನನ್ನ ತೋಟದಲ್ಲಿ ಹೂತುಹಾಕಿದ. ಬದಲಿಗೆ ಅದೇ ನೆಲದ ಕೆಂಪನ್ನು ಹುಲ್ಲಿನ ಮೇಲೆ ತೊಟ್ಟಿಕ್ಕಿಸಿ, ಬ್ರೀಟಾಳನ್ನು ಬಿಟ್ಟ. ಬ್ರೀಟಾ ಮೂಸಿದಳು. ಸೀನಿದಳು. ನನ್ನ ತೋಟಕ್ಕೆ ಹೋಗಿ ಶೀಸೆ ಹೂತ ಜಾಗದಲ್ಲಿ ಕೂತುಕೊಂಡಳು.

"ಚಳಿಗಾಲದಲ್ಲಿ ಹಿಡಿದವಳು ಈಗ ಯಾಕೆ ಹಿಡಿಯಲ್ಲ, ದೊಡ್ಡಮ್ಮ?"

"ನಂಗೇನು ಗೊತ್ತೋ. ಬಣ್ಣದ ಕಂಪನಿ ಬದಲಾಯ್ಸಿದ್ಯಾ?"

ಬದಲಾಯಿಸಿ ನೋಡಿದ. ಹಸಿರು ಹಾಕಿದ, ನೀಲಿ ಹಾಕಿದ, ನನ್ನ ಹುಲ್ಲುಗಾವಲು ಮಕ್ಕಳ ಚಿತ್ರದಂತಾಯಿತು. ಬ್ರೀಟಾ ಒಂದು ಹೆಜ್ಜೆಯೂ ಹಾಕಲಿಲ್ಲ. ಸೇಬು ಉದುರುವ ಹೊತ್ತಿಗೆ ಕ್ವಾಪಿಲ್ ಆಸೆ ಬಿಟ್ಟಿದ್ದ. ಬೆಳಗ್ಗೆ ಎದ್ದು ನಾಯಿಯ ಪಕ್ಕ ಮೆಟ್ಟಿಲ ಮೇಲೆ ಕೂತು, ತನ್ನ ಬ್ರೆಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೆ ಕೊಡುತ್ತಿದ್ದ. ದ್ರಾಹುಶ್ಕಾ ಕಿಟಕಿಯಿಂದ ನೋಡಿದರೂ ಬೈಯಲಿಲ್ಲ. ಅವಳು ಬೈಯದಿದ್ದರೆ ಊರಿನಲ್ಲಿ ಗಡಿಯಾರ ನಿಂತ ಹಾಗೆ.

ಪರೀಕ್ಷೆಯ ದಿನ ಕೊಳದ ಪಕ್ಕದ ಬಯಲಿನಲ್ಲಿ ಹಸಿರು ಟೋಪಿಗಳು ಅಣಬೆಯಂತೆ ಎದ್ದಿದ್ದವು. ಎಲ್ಲಿ ನೋಡಿದರೂ ಗಡ್ಡದ ನಾಯಿ, ಗಡ್ಡದ ಯಜಮಾನ. ತೀರ್ಪು ಕೊಡಲು ಜಿಲ್ಲೆಯಿಂದ ಇಂಜಿನಿಯರ್ ಶೆಬೆಸ್ತಾ ಬಂದಿದ್ದರು, ಕಡ್ಡಿಯಂತೆ ನೆಟ್ಟಗೆ, ಕನ್ನಡಕದ ಮನುಷ್ಯ. ಕ್ವಾಪಿಲ್ ಯಾರದೋ ಹಸಿರು ಕೋಟು ಎರವಲು ತಂದಿದ್ದ. ಗುಂಡಿ ಹಾಕಿದರೆ ಉಸಿರಿಲ್ಲ, ಉಸಿರಾಡಿದರೆ ಗುಂಡಿಯಿಲ್ಲ.

ಮೊದಲು ರೂಪದ ತೀರ್ಪು. ಶೆಬೆಸ್ತಾ ಬ್ರೀಟಾಳ ಹಲ್ಲು ನೋಡಿದರು, ಬೆನ್ನು ನೇವರಿಸಿದರು, ನಡೆಸಿದರು. ಗಡ್ಡದ ಹತ್ತಿರ ಬಂದು ನಿಂತರು. ಕಂದು ಗಡ್ಡದ ನಡುವೆ ಬೆಳ್ಳನೆಯ ದೊಡ್ಡ ಮಚ್ಚೆ.

"ಕ್ವಾಪಿಲ್ ಅವರೇ, ಈ ಬಣ್ಣ ಹುಟ್ಟಿನಿಂದಲೂ ಇದೆಯಾ?"

ಕ್ವಾಪಿಲ್ ನಾನು ಕಲಿಸಿದ್ದನ್ನು ನೆನಪಿಸಿಕೊಂಡ. ಮುಖ ಆಗಲೇ ಬಿಳಚಿಕೊಂಡಿತ್ತು. "ಇರ್ಲೇಬೇಕಲ್ಲ, ಇಂಜಿನಿಯರ್ ಸಾಹೇಬರೇ. ಅದಿಲ್ದೆ ಬದುಕೋದು ಹೇಗೆ?"

"ಹೇಗೆ ಅಂದರೆ? ಬೇರೆ ಫೌಸೆಕ್‌ಗಳಿಗೆ ಇಲ್ವಲ್ಲ."

"ಇಲ್ವಾ?" ಕ್ವಾಪಿಲ್ ಉಳಿದ ನಾಯಿಗಳನ್ನು ಕನಿಕರದಿಂದ ನೋಡಿದ. "ಪಾಪ."

ಹವ್ರಾನೆಕ್ ಹಿಂದಿನಿಂದ ಕೆಮ್ಮಿದರು. ಶೆಬೆಸ್ತಾ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ನೇರವಾಗಿ ಕೇಳ್ತೀನಿ. ಈ ಬಣ್ಣ ಹೊರಗಿಂದ ಹಾಕಿದ್ದಾ?"

"ಹೊರಗಿಂದ ಹಾಕೋಕೆ ಆಸ್ಪತ್ರೇಲಿ ಮಾತ್ರ ಆಗುತ್ತೆ, ಸಾಹೇಬರೇ."

ಶೆಬೆಸ್ತಾ ಮಚ್ಚೆಯನ್ನು ಬೆರಳಿನಿಂದ ಉಜ್ಜಿ, ಕ್ವಾಪಿಲನ ಮೂಗಿನ ಕೆಳಗೆ ಹಿಡಿದರು. "ನೋಡಿ. ಬಣ್ಣ ಬೆರಳಿಗೆ ಬಂತು."

ಕ್ವಾಪಿಲ್ ನೋಡಲಿಲ್ಲ. ಕಣ್ಣು ಮುಚ್ಚಿ ತೀರ್ಪುಗಾರರ ಭುಜ ಹಿಡಿದುಕೊಂಡು ತೂಗಾಡತೊಡಗಿದ. ದ್ರಾಹುಶ್ಕಾ ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. "ಸುಣ್ಣ, ಸಾಹೇಬರೇ, ಬರೀ ಸುಣ್ಣ. ಇವನ ಬಕೆಟ್ಟಲ್ಲೇ ನೀರು ಕುಡಿಯೋಕೆ ಹೋಗ್ತಾಳೆ." ಸೆರಗಿನಂತೆ ಏಪ್ರನ್ನಿನ ತುದಿ ಎತ್ತಿ ಉಗುಳು ಹಚ್ಚಿ ಗಡ್ಡ ಒರೆಸಿದಳು. ಕೆಳಗಿಂದ ಚೊಕ್ಕ ಕಂದು ಗಡ್ಡ ಹೊರಬಂತು.

ಶೆಬೆಸ್ತಾ ಮೊದಲ ಸಲ ನಕ್ಕರು. "ದೋಷ ಮುಚ್ಚೋಕೆ ಬಣ್ಣ ಬಳಿದವರನ್ನ ಬಹಳ ಕಂಡಿದ್ದೀನಿ. ಇಷ್ಟು ಒಳ್ಳೇ ಗಡ್ಡಾನ ಬಣ್ಣ ಬಳಿದು ಮುಚ್ಚಿದವರು ನೀವೇ ಮೊದಲು." ರೂಪಕ್ಕೆ ಅತ್ಯುತ್ತಮ ಎಂದು ಬಂತು.

ಹೊಲದಲ್ಲಿ ಬ್ರೀಟಾ ಕವುಜುಗ ಹಕ್ಕಿಯ ಮುಂದೆ ಎಷ್ಟು ಅಲುಗಾಡದೆ ನಿಂತಳೆಂದರೆ ಅವಳ ಬೆನ್ನ ಮೇಲೆ ಚಿಟ್ಟೆ ಕೂತು ನಿದ್ದೆ ಮಾಡಿತು. ನೀರಿನಲ್ಲಿ, ಕ್ವಾಪಿಲನ ಟೋಪಿ ಗಾಳಿಗೆ ಕೊಳಕ್ಕೆ ಬಿದ್ದದ್ದನ್ನು ಮೊದಲು ತಂದಳು, ಆಮೇಲೆ ಬಾತುಕೋಳಿ ತಂದಳು. ಅಲೋಯಿಸ್ ಆರಿಸಿ ತಂದ ಮರಿ. ಅವಳಿಗೆ ಇದನ್ನೆಲ್ಲ ಯಾರು ಹೇಳಿಕೊಡಬೇಕಿತ್ತು? ಜನ ಚಪ್ಪಾಳೆ ತಟ್ಟಿದಷ್ಟೂ ಕ್ವಾಪಿಲ್ ಕುಗ್ಗುತ್ತಿದ್ದ. ಉಳಿದದ್ದು ಬಣ್ಣ. ಹವ್ರಾನೆಕ್ ನಾಯಿ ಕಟ್ಟಲು ಹೊಸ ಚರ್ಮದ ಹಗ್ಗವನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು.

ಕಾಡಿನ ಅಂಚಿನಲ್ಲಿ ಒಂದು ಕಡೆ ಮುರಿದ ರೆಂಬೆ ಇಟ್ಟಿದ್ದರು. ಅಲ್ಲಿಂದ ಜಾಡು ಶುರು. ಹಿಂದಿನ ದಿನ ಜಿಂಕೆಯ ರಕ್ತ ತೊಟ್ಟಿಕ್ಕಿಸಿ, ಕಾಡಿನ ಒಳಗೆಲ್ಲೋ ಸತ್ತ ಜಿಂಕೆಯನ್ನು ಇಟ್ಟಿದ್ದರು.

"ನಾಯಿ ಹಗ್ಗದಲ್ಲಿ ಹಿಡ್ಕೊಂಡು ಹೋಗ್ತೀರೋ, ಬಿಟ್ಟು ಕಳಿಸ್ತೀರೋ?" ಶೆಬೆಸ್ತಾ ಕೇಳಿದರು. "ಬಿಟ್ಟು ಕಳಿಸೋದು ಬಹಳ ಕಷ್ಟ. ಧೈರ್ಯವಂತರು ಮಾತ್ರ ಮಾಡ್ತಾರೆ."

"ಹಿಡ್ಕೊಂಡೇ," ಅಂದ ಕ್ವಾಪಿಲ್. ಧ್ವನಿ ಅವನಿಗೇ ಕೇಳಿಸಿರಲಾರದು.

"ಸರಿ. ಬಗ್ಗಿ ನಾಯಿಗೆ ಬಣ್ಣ ತೋರಿಸಿ."

ಕ್ವಾಪಿಲ್ ಬ್ರೀಟಾಳ ತಲೆ ಸವರಿದ. ಅವಳ ಕಿವಿಯಲ್ಲಿ ಏನೋ ಹೇಳಿದ. ಬಗ್ಗಿದ. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ತೆರೆದ. ಎಲೆಯ ಮೇಲೆ ಕಪ್ಪುಗಟ್ಟಿದ ಹನಿ. ಕೋಟಿನ ಗುಂಡಿಯೊಂದು ಹಾರಿ ಶೆಬೆಸ್ತಾರ ಕನ್ನಡಕಕ್ಕೆ ಬಡಿಯಿತು, ಕ್ವಾಪಿಲ್ ನಿಧಾನವಾಗಿ, ದೊಡ್ಡ ಮರ ಬೀಳುವಂತೆ, ಅಂಗಾತ ಮಲಗಿದ.

ಹಗ್ಗ ಕೈಯಿಂದ ಜಾರಿತು. ಬ್ರೀಟಾ ಅವನ ಗಡ್ಡ ಮೂಸಿದಳು. ಆಮೇಲೆ ಹನಿಯನ್ನು ಮೂಸಿದಳು. ಮೂಗು ನೆಲಕ್ಕಿಟ್ಟು ಕಾಡಿನೊಳಗೆ ಹೋಗಿಯೇ ಬಿಟ್ಟಳು.

"ನಾಯಿ ಕೈ ತಪ್ತು," ಹವ್ರಾನೆಕ್ ಜೇಬಿಗೆ ಕೈ ಹಾಕಿದರು. "ಆಯ್ತಲ್ಲ."

ಶೆಬೆಸ್ತಾ ಕೈಯೆತ್ತಿ ತಡೆದರು. "ತಪ್ಪಿದ್ದಲ್ಲ, ಬಿಟ್ಟದ್ದು. ಮಾತು ನಿಲ್ಲಿಸಿ." ದನಿ ತಗ್ಗಿಸಿ ಹೇಳಿದರು, "ನೋಡಿ ಅವರನ್ನ. ನಾಯಿಗೆ ಗಾಳಿ ಅಡ್ಡ ಬರಬಾರ್ದು ಅಂತ ನೆಲಕ್ಕೆ ಮಲಗಿದ್ದಾರೆ. ಉಸಿರೂ ಬಿಡ್ತಿಲ್ಲ. ಇಂಥ ಶಿಸ್ತು ಹಳೇ ಕಾಲದವರಲ್ಲಿತ್ತು ಅಂತ ಕೇಳಿದ್ದೆ ಅಷ್ಟೇ."

ಆ ಮಾತು ಸಾಲಿನುದ್ದಕ್ಕೂ ಪಿಸುಪಿಸು ಹರಿಯಿತು. ಮೊದಲು ಒಬ್ಬ ಬೇಟೆಗಾರ ಮಲಗಿದ. ಅವನನ್ನು ನೋಡಿ ಇನ್ನೊಬ್ಬ ಮಲಗಿದ. ನೋಡನೋಡುತ್ತಾ ಇಡೀ ಜಿಲ್ಲೆಯ ಬೇಟೆಗಾರರು ಹಸಿರು ಟೋಪಿಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಅಂಗಾತ ಮಲಗಿ ಆಕಾಶ ನೋಡುತ್ತಿದ್ದರು. ನಿಂತಿದ್ದವರು ತೀರ್ಪುಗಾರರು, ಹವ್ರಾನೆಕ್, ನಾನು ಮತ್ತು ಅಳುತ್ತಿದ್ದ ದ್ರಾಹುಶ್ಕಾ. ನಮ್ಮ ಜಿಲ್ಲೆಯಲ್ಲಿ ಈಗಲೂ ಬಣ್ಣದ ಪರೀಕ್ಷೆಗೆ ನಾಯಿ ಬಿಟ್ಟವರು ಮಲಗಿಕೊಳ್ಳುತ್ತಾರೆ. ಯಾಕೆಂದು ಕೇಳಿದರೆ ಹಿಂದಿನಿಂದ ಬಂದದ್ದು ಎನ್ನುತ್ತಾರೆ.

ಕಾಡಿನಲ್ಲಿ ಎಲೆ ಉದುರುವ ಸದ್ದು ಬಿಟ್ಟರೆ ಏನೂ ಇಲ್ಲ. ದ್ರಾಹುಶ್ಕಾ ನನ್ನ ಕೈಯನ್ನು ಎಷ್ಟು ಹಿಸುಕಿದಳೆಂದರೆ ಮದುವೆಯುಂಗುರ ಇನ್ನೂ ಓರೆಯಾಗಿದೆ. ಹವ್ರಾನೆಕ್ ಹಗ್ಗವನ್ನು ಹೊರತೆಗೆದು ಬಿಚ್ಚತೊಡಗಿದರು.

ಆಗ ಬಲು ದೂರದಿಂದ ಬೊಗಳುವ ಸದ್ದು ಕೇಳಿತು. ನಿಂತು ನಿಂತು, ದಪ್ಪ ದನಿಯಲ್ಲಿ, ಬೇಗ ಬನ್ನಿ ಎಂದು ಕರೆದಂತೆ. ಶೆಬೆಸ್ತಾ ಓಡಿದರು. ಹವ್ರಾನೆಕ್ ಓಡಿದರು. ಮಲಗಿದವರೆಲ್ಲ ಎದ್ದು ಓಡಿದರು. ಬ್ರೀಟಾ ಜಿಂಕೆಯ ಪಕ್ಕ ಕೂತಿದ್ದಳಂತೆ, ಒಂದು ಕೂದಲೂ ಮುಟ್ಟಿರಲಿಲ್ಲವಂತೆ.

ಕ್ವಾಪಿಲ್ ಕಣ್ಣು ಬಿಟ್ಟಾಗ ಅವನ ಸುತ್ತ ಟೋಪಿಗಳೇ. "ಒಯ್ದ್ರಾ?" ಎಂದು ಕೇಳಿದ.

ಉತ್ತರ ಕೊಟ್ಟದ್ದು ಹವ್ರಾನೆಕ್. ಚರ್ಮದ ಹಗ್ಗ ಎಲ್ಲೂ ಕಾಣಲಿಲ್ಲ. ಅವರು ಒಂದು ಫರ್ ಮರದ ಕುಡಿ ಮುರಿದು, ಅರ್ಧವನ್ನು ಕ್ವಾಪಿಲನ ಒದ್ದೆ ಟೋಪಿಗೆ ಸಿಕ್ಕಿಸಿದರು, ಅರ್ಧವನ್ನು ಬ್ರೀಟಾಳ ಕತ್ತಿನ ಪಟ್ಟಿಗೆ ಸಿಕ್ಕಿಸಿದರು. ಬೇಟೆ ಸಿಕ್ಕಾಗ ಬೇಟೆಗಾರನಿಗೂ ಅವನ ನಾಯಿಗೂ ಮಾಡುವ ಮರ್ಯಾದೆ ಅದು. "ಬೇಟೆಗೆ ಜಯವಾಗಲಿ, ಕ್ವಾಪಿಲ್ ಅವರೇ," ಅಂದರು. "ನಿಮ್ಮ ನಾಯಿ."

ಸಂಜೆ ಬಿಯರ್ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ವಾಪಿಲ್ ಸಂಘದ ಮೇಜಿನಲ್ಲಿ ಒಲೆಗೆ ಬೆನ್ನು ಕೊಟ್ಟು ಕೂತಿದ್ದ. ಒಲೆ ಕೆಂಡವಾಗಿತ್ತು, ಕೋಟಿನಿಂದ ಹೊಗೆ ಏಳುವಂತಿತ್ತು, ಆದರೂ ಏಳಲಿಲ್ಲ. ದ್ರಾಹುಶ್ಕಾ ಗಸಗಸೆ ಕೊಲಾಚ್ ರೊಟ್ಟಿಗಳ ತಟ್ಟೆ ಹೊತ್ತು ಬಂದು ಎಲ್ಲರಿಗೂ ಕೊಡುತ್ತಿದ್ದಳು.

"ಈಗ ಹೇಳಿ," ಹವ್ರಾನೆಕ್ ಅವನ ಬೆನ್ನು ತಟ್ಟಿದರು. "ಆವತ್ತು ಗಿರಣೀಲಿ ಸಿಕ್ಕ ಹಂದಿ ಎಷ್ಟು ದೊಡ್ಡದಿತ್ತು?"

ಪ್ಲಮ್ ಸಾರಾಯಿ ಕುಡಿದ ಕ್ವಾಪಿಲನಿಗೆ ಸುಳ್ಳು ಬರುವುದಿಲ್ಲ. "ಅದು ಹಂದಿ ಅಲ್ಲ, ಅಧ್ಯಕ್ಷರೇ. ನಾನು. ಮತ್ತೆ ಅದು ಬಣ್ಣಾನೂ ಅಲ್ಲ, ಬಣ್ಣ."

"ಏನಂದ್ರಿ?"

"ನಿಮ್ಮ ಬಣ್ಣ ಅಲ್ಲ. ನನ್ನ ಬಣ್ಣ. ಡಬ್ಬೀದು."

ಹವ್ರಾನೆಕ್‌ರ ಮುಖ ಸಿಗ್ನಲ್ಲಿನಂತೆ ಕೆಂಪಾಯಿತು. ಅವರು ಎದ್ದು ನಿಂತು ಕೂಗಿದರು, "ಹಾಗಾದ್ರೆ ಆವತ್ತು ನಾಯಿ ರಕ್ತ ಹಿಡಿದೇ ಇರ್ಲಿಲ್ವಾ?"

ಸಂಘದ ಸದಸ್ಯರು ಅತ್ಯಂತ ಗೌರವದಿಂದ ಅಧ್ಯಕ್ಷರನ್ನು ಹಿಡಿದು, ಮೇಜಿನ ಮೇಲೆ ಬೋರಲು ಮಲಗಿಸಿ, ಬೇಟೆಗತ್ತಿ ಕೇಳಿದರು. ನಿಯಮ ನಿಯಮವೇ. ಅವರೇ ಎಷ್ಟೋ ಜನರಿಗೆ ಬಾರಿಸಿದ ಕತ್ತಿ ಅದು.

ಅವರು ಹಿಂಭಾಗ ಉಜ್ಜಿಕೊಳ್ಳುತ್ತಾ ಇಳಿಯುವಾಗ ದ್ರಾಹುಶ್ಕಾ ತಟ್ಟೆ ಕೆಳಗಿಟ್ಟಳು. "ಹಿಡಿದಿದ್ದಳು, ಅಧ್ಯಕ್ಷರೇ. ಈಗ ಹೊಳೀತು ನಂಗೆ. ಆವತ್ತು ಕರಿ ಸಾರು ಕಮ್ಮಿ ಕೊಟ್ಟೆ ಅಂತ ಇವನು ವಾರವೆಲ್ಲ ಮುಖ ಊದಿಸ್ಕೊಂಡಿದ್ದ. ನಾನು ಡಬ್ಬಿ ಕಂಠ ಮುಟ್ಟ ತುಂಬಿಸಿದ್ದೆ. ಆಮೇಲೆ ತೊಳೆಯೋವಾಗ ನೋಡ್ತೀನಿ, ತಳದಲ್ಲಿ ತೂತು. ದಾರಿಯುದ್ದಕ್ಕೂ ಅದೂ ತೊಟ್ಟಿಕ್ಕಿದೆ. ಇವಳು ಹಿಡಿದು ಹೋದದ್ದು ಅದನ್ನ."

ಬೇಟೆಗಾರರ ಮುಖ ಅರಳಿತು. ಹವ್ರಾನೆಕ್, "ಹಾಗಾದ್ರೆ ಬಣ್ಣಾನೇ," ಎಂದು ಲೋಟ ಎತ್ತಿದರು.

"ಸಾರಿಗೂ ಬಣ್ಣಕ್ಕೂ ಏನು ಸಂಬಂಧ?" ಕ್ವಾಪಿಲ್ ಕೇಳಿದ.

ಅಂಗಡಿಯಲ್ಲಿದ್ದವರೆಲ್ಲ ಬೇರೆಬೇರೆ ಕಡೆ ನೋಡಿದರು. ಕೆಲವರು ಕೊಂಬು ಎಣಿಸಿದರು. ಹಂದಿ ಕೊಯ್ದ ದಿನದ ಸಾರು ಯಾವುದರಿಂದ ಮಾಡುತ್ತಾರೆಂದು ಊರಿಗೆಲ್ಲ ಗೊತ್ತು. ಮದುವೆಯಾದ ವರ್ಷದಿಂದ ಅದನ್ನು ಬಟ್ಟಲುಗಟ್ಟಲೆ ಕುಡಿಯುತ್ತಿದ್ದ ಒಬ್ಬನಿಗೆ ಮಾತ್ರ ಹೇಳಲು ಯಾರಿಗೂ ಮನಸ್ಸು ಬಂದಿರಲಿಲ್ಲ.

"ಒತಾ," ದ್ರಾಹುಶ್ಕಾ ಮೆಲ್ಲಗೆ ಕೇಳಿದಳು, "ಕರಿ ಸಾರು ಯಾತರಿಂದ ಕರ್ರಗಿದೆ ಅನ್ಕೊಂಡಿದ್ದೆ?"

"ಮರ್ಜೋರಂ ಸೊಪ್ಪಿಂದ ಅಲ್ವಾ?"

"ಹಂದಿ ಬಣ್ಣ ಕಣೋ."

ಕ್ವಾಪಿಲ್ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನೂ, ಅಭ್ಯಾಸಬಲದಿಂದ, ತಲೆಯಾಡಿಸಿದ. ಹಾಗೆ ಆಡಿಸುತ್ತಲೇ ಕುರ್ಚಿಯಿಂದ ಜಾರಿ, ದಪ್ಪಗೆ, ಅಂಗಾತ, ಕೂದಲು ಕೆದರಿಕೊಂಡು ನೆಲಕ್ಕೆ ಬಿದ್ದ. ಬ್ರೀಟಾ ಒಲೆಯ ಬುಡದಿಂದ ಎದ್ದು ಬಂದಳು. ಅವನನ್ನು ಮುಟ್ಟಲಿಲ್ಲ. ಪಕ್ಕ ಕೂತು, ಜನರೆಲ್ಲ ಅಲ್ಲೇ ಇದ್ದರೂ, ಜನ ಬರುವ ತನಕ ಎಂಬಂತೆ ಬೊಗಳತೊಡಗಿದಳು.

"ನೋಡಿದ್ರಾ?" ಹವ್ರಾನೆಕ್ ಎಲ್ಲರಿಗೂ ತೋರಿಸಿದರು. "ಎಲ್ಲಿ ಬಿದ್ದಿರ್ಲಿ, ಹುಡುಕಿ ಕೂಗ್ತಾಳೆ." ತಮ್ಮ ಟೋಪಿಯ ಕುಡಿ ಕಿತ್ತು ಅವಳ ಪಟ್ಟಿಗೆ ಇನ್ನೊಂದು ಸಿಕ್ಕಿಸಿದರು. ಸತ್ತ ಬೇಟೆಯ ಬಾಯಿಗೆ ಕೊನೆಯ ತುತ್ತೆಂದು ಇಡುವ ಕುಡಿಯನ್ನು ಕ್ವಾಪಿಲನ ಬಾಯಿಗೂ ಇಡೋಣವೇ ಎಂದು ಯಾರೋ ಕೇಳಿದರು.

"ಬೇಡ, ತಾಳಿ," ಅಂದೆ ನಾನು. "ಸಾರಿನ ವಾಸನೆ ಬಂದ್ರೆ ಏಳ್ತಾನೆ."

ಆ ಹೊತ್ತಿಗೆ ಊರಿನ ಪಾದ್ರಿಗಳು ಅಭಿನಂದನೆ ಹೇಳಲು ಹೊರಗಿನ ಚಳಿಯಿಂದ ನಡುಗುತ್ತಾ ಬಂದರು. ಒಲೆಯ ಪಕ್ಕ ಖಾಲಿ ಕುರ್ಚಿ ಕಂಡು, ಕೈ ಉಜ್ಜಿಕೊಳ್ಳುತ್ತಾ ಕೂರಲು ಹೋದರು.

ಹವ್ರಾನೆಕ್ ಅವರ ತೋಳು ಹಿಡಿದು ನಿಲ್ಲಿಸಿದರು.

"ಕ್ಷಮಿಸಿ, ಫಾದರ್," ಅಂದರು. "ಅದು ಕ್ವಾಪಿಲ್ ಅವರ ಜಾಗ. ಕಿಟಕಿ ಪಕ್ಕ ಖಾಲಿ ಇದೆ ನೋಡಿ."